ಒಡೆದು ನೋಡಿ, ಒಳಗೆ ಹಳದಿ ಇದೆಯಾ?

ಅತ್ತೆಯ ಕಾಲು ಊದಿ ಹನ್ನೆರಡು ದಿನ. ಹನ್ನೆರಡು ದಿನವೂ ತಪ್ಪೆಲ್ಲ ಸೊಸೆಯದೇ.

"ಉಪ್ಪು ಸುರೀತೀಯಲ್ಲ, ಅದಕ್ಕೇ!" ಎಂದು ಅತ್ತೆ ಮಂಚದಿಂದಲೇ ತೀರ್ಪು ಕೊಡುತ್ತಿದ್ದಳು.

ಸೊಸೆ ಹೊಲಿಗೆ ಯಂತ್ರದ ಪೆಡಲನ್ನು ಯಾರದೋ ತಲೆ ತುಳಿದ ಹಾಗೆ ತುಳಿಯುತ್ತಿದ್ದಳು. ಉಪ್ಪಿನ ಡಬ್ಬಿ ಅತ್ತೆಯ ತಲೆದಿಂಬಿನ ಪಕ್ಕ ಸೇರಿ ವಾರವಾಗಿತ್ತು. ಊಟ ಸಪ್ಪೆಯಾಯಿತು, ಮಾತು ಖಾರವಾಯಿತು, ಊತ ಮಾತ್ರ ಜಗ್ಗಲಿಲ್ಲ.

ಅಷ್ಟರಲ್ಲಿ ಸೈಕಲ್ ರಿಪೇರಿ ಮಾಡುವ ಗಂಡ ಕುಂಟುತ್ತ ಬಂದ. "ಚಪ್ಪಲಿಯವನು ಮೋಸ ಮಾಡ್ದ ಕಣೇ. ಒಂಬತ್ತು ಅಂತ ಎಂಟರದ್ದು ಕೊಟ್ಟಿದ್ದಾನೆ."

"ತಿಂಗಳಿಂದ ಅದನ್ನೇ ಹಾಕ್ಕೊಂಡು ಓಡಾಡಿದ್ರಲ್ಲ! ಚಪ್ಪಲಿ ಕುಗ್ಗಿತಾ, ಕಾಲು ಹಿಗ್ಗಿತಾ?"

ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಬಂದಿದ್ದ ಆರೋಗ್ಯ ಕೇಂದ್ರದ ನರ್ಸ್ ಇದನ್ನು ಕೇಳಿ ನಗಲಿಲ್ಲ. ತಾಯಿ, ಮಗ ಇಬ್ಬರ ಪಾದವನ್ನೂ ಬೆರಳಿಂದ ಒತ್ತಿದಳು. ಒತ್ತಿದಲ್ಲಿ ಗುಳಿ ಹಾಗೇ ನಿಂತಿತು. "ನಿನ್ನ ಕಾಲೂ ತೋರ್ಸಮ್ಮ" ಎಂದಳು. ಸೊಸೆಯ ಪಾದದಲ್ಲೂ ಗುಳಿ.

"ಒಬ್ಬರ ಕಾಲು ಊದಿದ್ರೆ ಅವರನ್ನ ನೋಡ್ಬೇಕು. ಮನೆಮಂದಿಗೆಲ್ಲ ಊದಿದ್ರೆ ಅಡುಗೆಮನೆ ನೋಡ್ಬೇಕು. ಎಣ್ಣೆ ಯಾವ್ದು?"

"ಚಿನ್ನದಂಥ ಎಣ್ಣೆ! ನಾನೇ ಸಾಸಿವೆ ತಂದು ಗಾಣದಲ್ಲಿ ಆಡಿಸಿದ್ದು. ಅಂಗಡಿಯವನು ನನ್ನ ತಮ್ಮ ಇದ್ದ ಹಾಗೆ. ಈ ಸಲ ಹೊಸ ಜಾತಿ ಬಂದಿದೆ ಅಂತ ಅಗ್ಗಕ್ಕೆ ಕೊಟ್ಟ," ಎಂದಳು ಅತ್ತೆ.

ಉಳಿದ ಕಾಳನ್ನು ನರ್ಸ್ ಬಿಳಿ ಬಟ್ಟೆಯ ಮೇಲೆ ಹರಡಿದಳು.

"ಅಡುಗೆಗೆ ಬಳಸೋದು ಮೂರು ಜಾತಿ. ಹಳದಿ ಸಾಸಿವೆ ಸೌಮ್ಯ, ಮೊಸರಿಗೆ ಅರೆದು ಹಾಕೋಕೆ ಚೆನ್ನ. ಕಂದು ಖಾರ, ಕಪ್ಪು ಇನ್ನೂ ಖಾರ, ಬಿಸಿ ಎಣ್ಣೇಲಿ ಸಿಡಿಸೋಕೆ ಇವೇ ಸರಿ. ಅರೆಯೋದಾದ್ರೆ ತಣ್ಣೀರಲ್ಲಿ ಅರೆದು ಹತ್ತು ನಿಮಿಷ ಬಿಡಿ, ಬಿಸಿನೀರು ಹಾಕಿದ್ರೆ ಘಾಟೇ ಏಳಲ್ಲ. ಸಿಪ್ಪೆ ಬಣ್ಣ ಏನೇ ಇರ್ಲಿ, ಮೂರೂ ನುಣುಪು, ಮೂರರ ಒಳಗೂ ಹಳದಿ. ಈಗ ಒಡೀರಿ."

ಸೊಸೆ ಕತ್ತರಿಯ ಹಿಡಿಯಿಂದ ಒಂದು ಕಾಳು ಒಡೆದಳು. ಹಳದಿ. ಒರಟಾಗಿದ್ದ ಇನ್ನೊಂದನ್ನು ಒಡೆದಳು. ಬಿಳಿ.

"ಇದು ದತ್ತೂರಿ. ಹಳದಿ ಹೂ ಬಿಡೋ ಮುಳ್ಳು ಗಿಡ ಇದ್ಯಲ್ಲ, ಅದರ ಬೀಜ. ವಿಷ."

"ಇಪ್ಪತ್ತು ವರ್ಷದಿಂದ ಅಕ್ಕಾ ಅಂತಾನೆ, ಅವನು ನಂಗೆ ವಿಷ ಹಾಕ್ತಾನಾ?" ಅತ್ತೆ ಕೆರಳಿದಳು.

ಸೊಸೆಯ ಸಹನೆ ಅಲ್ಲಿಗೆ ಸಿಡಿಯಿತು. "ನನ್ನ ಮಾತು ನಂಬಬೇಡಿ ಅತ್ತೆ, ಯಾವತ್ತು ನಂಬಿದ್ದೀರಿ! ನೀವೇ ಒಡೀರಿ!"

ಅತ್ತೆ ಒಡೆದಳು. ಬಿಳಿ. ಮತ್ತೊಂದು. ಬಿಳಿ. ಸೊಸೆಯ ಕ್ಷಮೆ ಕೇಳಲಿಲ್ಲ, ಅತ್ತೆಗೆ ಆ ಅಭ್ಯಾಸವಿಲ್ಲ. ಸಿಟ್ಟಿನ ಮುಖವನ್ನು ಬೇರೆ ದಿಕ್ಕಿಗೆ ತಿರುಗಿಸಿದಳು, ಅಷ್ಟೆ. "ಮಗಾ, ಸೈಕಲ್ ತೆಗಿ. ಅವನ ಅಂಗಡಿಗೆ!"

"ಮೊದಲು ಆಸ್ಪತ್ರೆಗೆ. ಇದು ಹೃದಯಕ್ಕೂ ಹೊಡೆಯುತ್ತೆ," ಎಂದಳು ನರ್ಸ್. "ಆ ಎಣ್ಣೆ ಇನ್ನೊಂದು ತೊಟ್ಟೂ ಬೇಡ. ಎಣ್ಣೆ, ಕಾಳು ಎರಡನ್ನೂ ಚೆಲ್ಲಬೇಡಿ. ಆಹಾರ ತಪಾಸಣೆಯವರಿಗೆ ಅದೇ ಸಾಕ್ಷಿ."

ಚಿಕಿತ್ಸೆಯಾಗಿ ಊತ ಇಳಿದ ಮೇಲೆ ಅತ್ತೆ ತಪಾಸಣೆಯವರಿಗೆ ದೂರು ಕೊಟ್ಟು, ಸೊಸೆಯ ಹೆಗಲು ಹಿಡಿದು ಅಂಗಡಿಗೆ ಹೋದಳು. ತುಂಬ ಗಿರಾಕಿಗಳಿದ್ದರು. ಎಲ್ಲರ ಮುಂದೆಯೇ, "ಸಾಸಿವೇಲಿ ದತ್ತೂರಿ ಯಾಕೆ ಬೆರೆಸ್ದೆ?" ಎಂದು ಕೇಳಿದಳು.

"ಅಕ್ಕಾ, ಅದು ಬೇರೆ ಜಾತಿ ಸಾಸಿವೆ ಅಷ್ಟೆ," ಅಂಗಡಿಯವನು ಹಲ್ಲು ಕಿರಿದ.

ಅತ್ತೆ ಅವನ ಸಾಸಿವೆ ಮೂಟೆಯಿಂದಲೇ ಒರಟು ಕಾಳನ್ನು ಆರಿಸಿ ಅವನ ಮುಂದೆ ಅಂಗೈ ಚಾಚಿದಳು. "ಹಾಗಾದ್ರೆ ಒಂದು ಚಿಟಿಕೆ ತಿನ್ನು ತಮ್ಮ."

ಅವನ ಹಲ್ಲು ಒಳಗೆ ಹೋಯಿತು, ಕೈ ಮುಂದೆ ಬರಲಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ತಮ್ಮ ಪೊಟ್ಟಣ ಬಿಚ್ಚಿ ಕಾಳು ಒಡೆಯತೊಡಗಿದರು. ತಪಾಸಣೆಯವರು ಬರುವ ತನಕ ಆ ಮೂಟೆ ಹೊರಗೆ ಸಾಗದ ಹಾಗೆ ಸೊಸೆ ಬಾಗಿಲಲ್ಲೇ ಕೂತಳು.

ಓದುತ್ತಿರುವ ಅಕ್ಕ, ಅಣ್ಣ, ಇವತ್ತೇ ನಿಮ್ಮ ಸಾಸಿವೆಯಲ್ಲಿ ಹತ್ತು ಕಾಳು ಒಡೆದು ನೋಡಿ. ಒಂದೇ ಒಂದು ಬೆಳ್ಳಗಿದ್ದರೂ ಒಲೆ ಆರಿಸಿ, ದೂರು ಕೊಡಿ. ನಾಚಿಕೆ ಪಡಬೇಕಾದವರು ಮಾರಿದವರು, ನೀವಲ್ಲ.