ಗೇಟಿನಾಚೆ ನಿಂತ ಕೆರೆ

ಸೋಮವಾರ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ತರಗತಿಗಳಿಗೆ ಹೋಗುತ್ತಿದ್ದಾಗ ಹೆಡ್‌ಮಾಸ್ಟರ್ ದಾಸಪ್ಪನವರು ಕಾತ್ಯಾಯಿನಿಯನ್ನು ತಮ್ಮ ಕೊಠಡಿಗೆ ಕರೆದು, ಮೊಬೈಲನ್ನು ಅವಳ ಕಡೆಗೆ ತಿರುಗಿಸಿಟ್ಟರು.

“ಗುರುವಾರ ನಿಮಗೆ ಟ್ರೈನಿಂಗ್ ಹಾಕಿದ್ದಾರೆ ಮೇಡಂ. ಜೆ.ಪಿ. ನಗರದಲ್ಲಿ. ಸೈನ್ಸ್ ಟೀಚರ್‌ಗಳೆಲ್ಲ ಬರ್ಲೇಬೇಕಂತೆ.”

“ಗುರುವಾರಾನಾ? ಅವತ್ತೇ ನಮ್ ಮಕ್ಕಳ ನಾಟಕ ಸ್ಪರ್ಧೆ ಅಲ್ವಾ ಸಾರ್!”

“ಐದನೇ ಕ್ಲಾಸಿನ ಪರೀಕ್ಷೇನೂ ಅವತ್ತೇ ಇದೆ. ಹೊರಗಿಂದ ಅಬ್ಸರ್ವರ್ ಬರ್ತಾರೆ, ನಾನು ಕದಲೋ ಹಾಗಿಲ್ಲ. ರೂಮಿಗೆ ಅಲಮೇಲು ಇರ್ಬೇಕು. ಇನ್ಯಾರಿದ್ದಾರೆ ಹೇಳಿ?”

ಇನ್ಯಾರೂ ಇರಲಿಲ್ಲ. ಬಿಳೇಕಹಳ್ಳಿ ಕಡೆಯ ಆ ಸರ್ಕಾರಿ ಶಾಲೆಯಲ್ಲಿ ದಾಸಪ್ಪನವರು, ಕಾತ್ಯಾಯಿನಿ ಮತ್ತು ಅತಿಥಿ ಶಿಕ್ಷಕಿ ಅಲಮೇಲು ಬಿಟ್ಟರೆ ಇದ್ದ ಇನ್ನೊಬ್ಬ ಶಿಕ್ಷಕಿ ಹೆರಿಗೆ ರಜೆಯಲ್ಲಿದ್ದರು. ತಿಂಗಳುಗಟ್ಟಲೆ ಯಾರೂ ಈ ಶಾಲೆಯ ನೆನಪೇ ಮಾಡಿಕೊಳ್ಳುವುದಿಲ್ಲ. ನೆನಪಾದರೆ ಪರೀಕ್ಷೆ, ಸ್ಪರ್ಧೆ, ತರಬೇತಿ ಎಲ್ಲ ಒಂದೇ ದಿನ ಬಂದು ಮೈಮೇಲೆ ಬೀಳುತ್ತವೆ.

ಬೇರೆ ಸ್ಪರ್ಧೆಯಾಗಿದ್ದರೆ ಕಾತ್ಯಾಯಿನಿ ಬಿಟ್ಟುಬಿಡುತ್ತಿದ್ದಳೇನೋ. ಆದರೆ ಈ ನಾಟಕದಲ್ಲಿ ವಿಜಯಲಕ್ಷ್ಮಿ ಇದ್ದಳು.

ವಿಜಯಲಕ್ಷ್ಮಿ ಏಳನೇ ತರಗತಿಯವಳು. ಹಿಂದಿನ ವರ್ಷ ಬಾಗಲಕೋಟೆ ಕಡೆಯಿಂದ ಅಪ್ಪ ಅಮ್ಮನ ಜೊತೆ ಬಂದಿದ್ದಳು. ಅಪ್ಪ ದ್ಯಾಮಣ್ಣ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ. ಅಮ್ಮ ಶರಣಮ್ಮ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್. ಬಿ.ಟಿ.ಎಂ. ಲೇಔಟಿನಲ್ಲಿ ಮೇಲೆ ಶೀಟು ಹಾಕಿದ ಒಂದು ಕೋಣೆಯ ಬಾಡಿಗೆ ಮನೆ. ಹುಡುಗಿ ಶಾಲೆಗೆ ಸೇರಿದ ಮೊದಲ ವಾರ, ಕಾತ್ಯಾಯಿನಿ ತರಗತಿಯಲ್ಲಿ ಒಂದು ಈರುಳ್ಳಿ ಎತ್ತಿ ಹಿಡಿದು “ಇದೇನು?” ಎಂದಾಗ, ಎಲ್ಲರಿಗಿಂತ ಮೊದಲು ಎದ್ದು ನಿಂತವಳು ಅವಳೇ. “ಉಳ್ಳಾಗಡ್ಡಿ ರೀ!” ಎಂದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಕಾತ್ಯಾಯಿನಿ ಗದರಿದಳು, ತಿಳಿಹೇಳಿದಳು. ಆದರೂ ಅಂದಿನಿಂದ ಆ ಹುಡುಗಿ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಪ್ರಶ್ನೆ ಕೇಳಿದರೆ ತಲೆ ಆಡಿಸುವಳು.

ಸ್ಪರ್ಧೆಗೆಂದು ಕಾತ್ಯಾಯಿನಿ ಬರೆದದ್ದು ಕಾಯಿಲೆ ಬಿದ್ದ ಕೆರೆಯೊಂದು ಡಾಕ್ಟರ ಹತ್ತಿರ ಹೋಗುವ ಪುಟ್ಟ ನಾಟಕ. ಮೌನೇಶ ಡಾಕ್ಟರು, ಅಂಕಮ್ಮ ಕಪ್ಪೆ. ಕೆರೆಯ ಪಾತ್ರಕ್ಕೆ ಯಾರೂ ಹೊಂದುತ್ತಿರಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಮೂಲೆಯಲ್ಲಿ ಕಸ ಗುಡಿಸುತ್ತಿದ್ದ ವಿಜಯಲಕ್ಷ್ಮಿ ತನ್ನಷ್ಟಕ್ಕೆ ತಾನೇ ಕೆರೆಯ ಮಾತು ಆಡುತ್ತಿರುವುದು ಕಾತ್ಯಾಯಿನಿಯ ಕಿವಿಗೆ ಬಿತ್ತು.

“ಡಾಕ್ಟರ್ರ, ಉಸುರಾಡಾಕ ಆಗವಲ್ದು ನೋಡ್ರಿ. ಎದಿ ಮ್ಯಾಲ ಯಾರೋ ಪ್ಲಾಸ್ಟಿಕ್ ಹೊಚ್ಚ್ಯಾರ. ನಾ ಏನ್ ತಪ್ಪ ಮಾಡೀನಿ ಅಂತ?”

ಕಾತ್ಯಾಯಿನಿ ಬರೆದ ಪುಸ್ತಕದ ಕನ್ನಡವನ್ನು ಹುಡುಗಿ ತನ್ನ ಮನೆಯ ಮಾತಿಗೆ ತಿರುಗಿಸಿಕೊಂಡಿದ್ದಳು. ಕೆರೆ ನಿಜಕ್ಕೂ ಬಾಯಿ ಬಿಟ್ಟ ಹಾಗಿತ್ತು. ಮರುದಿನದಿಂದ ಅವಳೇ ಕೆರೆ. ಮೊದಲ ಅಭ್ಯಾಸದಲ್ಲಿ ಹುಡುಗರು ನಕ್ಕರು. ಆದರೆ ಈ ಸಲ ನಕ್ಕದ್ದು ಅವಳು ನಗಿಸಿದ್ದಕ್ಕೆ. ಅದು ಅವಳಿಗೂ ಗೊತ್ತಾಯಿತು. ಬೆಳಗ್ಗೆ ಗೇಟಿನಲ್ಲೇ “ಟೀಚರ್, ಇವತ್ತ ನಾಟಕ ಐತಿಲ್ರಿ?” ಎಂದು ಕೇಳುವಷ್ಟು ಗೆಲುವಾದಳು.

ಸೋಮವಾರ ಮಧ್ಯಾಹ್ನವೇ ಕಾತ್ಯಾಯಿನಿ ಶಿಕ್ಷಣ ಇಲಾಖೆಯ ಕಚೇರಿಗೆ ಹೋದಳು. ತರಬೇತಿಯ ಉಸ್ತುವಾರಿ ಹೊತ್ತಿದ್ದ ಗುಂಡಣ್ಣ ಕುರ್ಚಿ ತೋರಿಸಿ ಕೂರಿಸಿದರು. ನಿವೃತ್ತಿಗೆ ಹತ್ತಿರವಾದ, ಮೆದು ಮಾತಿನ ಮನುಷ್ಯ.

“ನಿಮ್ಮ ಕಷ್ಟ ಅರ್ಥವಾಗತ್ತೆ ತಾಯಿ. ಆದ್ರೆ ಹೆಸರುಗಳು ಮೇಲಿಂದ ಬಂದಿವೆ. ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ ಆ್ಯಪಲ್ಲಿ ಫೋಟೋ ಹಾಕ್ಬೇಕು. ನಾನು ಬಿಟ್ರೂ ಆ ಆ್ಯಪ್ ಬಿಡಲ್ವಲ್ಲ.”

“ಮುಂದಿನ ಬ್ಯಾಚಿಗೆ ಹಾಕಿ ಸಾರ್, ಬರ್ತೀನಿ.”

“ಮುಂದಿನ ಬ್ಯಾಚ್ ಇದ್ಯೋ ಇಲ್ವೋ ನನಗೇ ಗೊತ್ತಿಲ್ಲ.”

ಸ್ಪರ್ಧೆ ನಡೆಸುತ್ತಿದ್ದ ಸಂಸ್ಥೆಗೆ ಫೋನ್ ಮಾಡಿದಳು. ವಿಭಾ ಎಂಬ ಹುಡುಗಿ ಮಾತಾಡಿದಳು. ಜಯನಗರದ ಶಾಲೆಯೊಂದರ ಸಭಾಂಗಣ ಸಿಕ್ಕಿರುವುದೇ ಆ ದಿನಕ್ಕೆ, ದಿನಾಂಕ ಬದಲಿಸಲಾಗದು ಎಂದಳು. ಪೋಷಕರೊಬ್ಬರ ಜೊತೆ ಮಕ್ಕಳನ್ನು ಕಳಿಸಬಹುದೇ ಎಂದಾಗ ಸ್ವಲ್ಪ ತಡೆದು, “ಕಳ್ಸಿ ಮೇಡಂ, ಅವತ್ತು ನೋಡೋಣ,” ಎಂದಳು. ಆ ‘ನೋಡೋಣ’ವನ್ನೇ ಕಾತ್ಯಾಯಿನಿ ಒಪ್ಪಿಗೆ ಎಂದುಕೊಂಡಳು. ಬೇರೆ ದಾರಿಯೂ ಇರಲಿಲ್ಲ.

ಕಾತ್ಯಾಯಿನಿ ಹೇಳಿಕಳಿಸಿದ್ದಕ್ಕೆ ದ್ಯಾಮಣ್ಣ ಬುಧವಾರ ಸಂಜೆ ಶಾಲೆಗೆ ಬಂದ. ಅವನೂರಲ್ಲಿ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಇಲ್ಲಿಯೂ ಹಾಗೇ ಕರೆಯುತ್ತಿದ್ದ.

“ನೀವೇನ್ ಚಿಂತಿ ಮಾಡಬ್ಯಾಡ್ರಿ ಅಕ್ಕೋರ. ನೈಟ್ ಡ್ಯೂಟಿ ಮುಗಿಸಿ ಹಂಗ ಬರ್ತೀನಿ. ಮೂರೂ ಹುಡುಗರ್ನ ಕರ್ಕೊಂಡ್ ಹೋಗಿ, ಕರ್ಕೊಂಡ್ ಬರೋದು ನನ್ನ ಜವಾಬ್ದಾರಿ.”

“ನಿದ್ದೆ ಇಲ್ದೆ ಹೇಗೆ ಹೋಗ್ತೀರ?”

“ಮಗಳು ನಿದ್ದಿಗಣ್ಣಾಗ ಸುದ್ದಾ ಕೆರಿ ಮಾತ ಮಾತಾಡ್ತಾಳ್ರಿ. ಒಂದ್ ದಿನ ನನ್ನ ನಿದ್ದಿ ಹೋದ್ರ ಏನಾಯ್ತು?”

ಗುರುವಾರ ಜೆ.ಪಿ. ನಗರದ ತರಬೇತಿ ಕೊಠಡಿಯಲ್ಲಿ ಎಲ್ಲರ ಫೋನುಗಳನ್ನೂ ಒಂದು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಸಿದರು. ಹಿಂದಿನ ಸಲ ಅರ್ಧ ಜನ ಫೋನ್ ನೋಡಿಕೊಂಡೇ ಕೂತಿದ್ದರಂತೆ. ಬುಟ್ಟಿ ಗುಂಡಣ್ಣನವರ ಮೇಜಿನ ಮೇಲಿತ್ತು. ಶಿಕ್ಷಕರನ್ನು ಗುಂಪು ಗುಂಪಾಗಿ ಕೂರಿಸಿದರು, ಚಾರ್ಟ್ ಹಾಳೆ ಕೊಟ್ಟರು. ಹಿಂಜರಿಯುವ ಮಗುವನ್ನು ಮಾತಾಡಿಸುವುದು ಹೇಗೆ ಎಂದು ಬರೆಯಿರಿ ಎಂದರು. ಕಾತ್ಯಾಯಿನಿಯ ಗುಂಪಿನವರು ಅವಳ ಕೈಗೆ ಸ್ಕೆಚ್ ಪೆನ್ ಕೊಟ್ಟರು. ಅವಳು ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತ ಬುಟ್ಟಿಯ ಕಡೆಯೇ ನೋಡುತ್ತಿದ್ದಳು. ಬುಟ್ಟಿಯಲ್ಲಿ ಯಾವುದೋ ಒಂದು ಫೋನ್ ಬಿಟ್ಟು ಬಿಟ್ಟು ನಡುಗುತ್ತಿತ್ತು.

ಟೀ ಬಿಡುವಿನಲ್ಲಿ ಫೋನ್ ಕೈಗೆ ಸಿಕ್ಕಿತು. ದ್ಯಾಮಣ್ಣನ ಕರೆಗಳೇ ತುಂಬಿದ್ದವು.

“ಅಕ್ಕೋರ, ಒಳಗ ಬಿಡವಲ್ರು. ಸಾಲಿ ಟೀಚರ್ ಇದ್ರಷ್ಟ ಅಂತಾರ. ನಾ ತಂದಿ ಅಂದ್ರೂ ಕೇಳವಲ್ರು.”

“ವಿಭಾ ಅಂತ ಇದ್ದಾರೆ, ಅವರಿಗೆ ಫೋನ್ ಕೊಡಿ.”

ವಿಭಾಳ ದನಿ ಅಳು ಬಂದಂತಿತ್ತು. “ಸಾರಿ ಮೇಡಂ. ಹೋದ ವರ್ಷ ಒಂದು ಮಗು ಸ್ಟೇಜಿಂದ ಬಿದ್ದು ದೊಡ್ಡ ರಂಪ ಆಯ್ತು. ಅದಕ್ಕೇ ಶಾಲೆಯವರು ಯಾರಾದ್ರೂ ಇರ್ಲೇಬೇಕು ಅಂತಿದ್ದಾರೆ. ನಾನು ಕೇಳ್ದೆ, ಒಪ್ತಿಲ್ಲ. ನಿಮ್ಮ ಟೀಮನ್ನ ಕೊನೆಗೆ ಹಾಕಿದ್ದೀನಿ. ನೀವು ಬಂದ್ಬಿಡಿ ಮೇಡಂ.”

ಕಾತ್ಯಾಯಿನಿ ಗುಂಡಣ್ಣನವರ ಮುಂದೆ ನಿಂತಳು. ಅವರು ಟೀ ಲೋಟ ಕೆಳಗಿಟ್ಟರು.

“ಹೋಗಿ ಅಂತ ನಾನು ಹೇಳೋಕಾಗಲ್ಲ ತಾಯಿ. ಹೋದ್ರೆ ನಿಲ್ಲಿಸೋಕೂ ಆಗಲ್ಲ. ಸಂಜೆ ಫೋಟೋದಲ್ಲಿ ನೀವಿಲ್ದಿದ್ರೆ ನೋಟಿಸ್ ಬರತ್ತೆ. ಅದನ್ನ ತಡೆಯೋಕೆ ನನ್ನ ಕೈಲಾಗಲ್ಲ.”

ಅವಳು ಹೊರಟಳು. ಮೊದಲ ಆಟೋದವನು ಜಯನಗರ ಎಂದ ಕೂಡಲೇ ಬರಲ್ಲ ಎಂದ. ಎರಡನೆಯವನು ಬಂದ. ಆದರೆ ರಸ್ತೆಯಲ್ಲಿ ಯಾವುದೋ ಪೈಪಿಗೆಂದು ಅಗೆದು ಅರ್ಧ ದಾರಿ ಮುಚ್ಚಿದ್ದರು. ಬಸ್ಸು, ನೀರಿನ ಟ್ಯಾಂಕರು, ಸ್ಕೂಟರು ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

“ಬೇರೆ ದಾರಿ ಇಲ್ವಾ ಅಣ್ಣ?”

“ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಮೇಡಂ?”

ಇಳಿದು ನಡೆದಳು. ಸಿಗ್ನಲ್ ದಾಟಿ ಮತ್ತೊಂದು ಆಟೋ ಹಿಡಿದಳು. ಮಧ್ಯೆ ವಿಭಾ ಫೋನ್ ಮಾಡಿ “ಎಲ್ಲಿದ್ದೀರ ಮೇಡಂ?” ಎಂದಳು. ಆಮೇಲೆ ಇನ್ನೊಂದು ಸಲ ಮಾಡಿ, “ನಿಧಾನಕ್ಕೆ ಬನ್ನಿ,” ಎಂದಳು. ಸ್ಪರ್ಧೆ ಮುಗಿದುಹೋಗಿದೆ ಎಂದು ಕಾತ್ಯಾಯಿನಿಗೆ ಆಗಲೇ ತಿಳಿಯಿತು.

ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಮೂವರೂ ನಿಂತಿದ್ದರು. ಮೌನೇಶನ ಕೊರಳಲ್ಲಿ ಪೈಪಿನ ಸ್ಟೆತಾಸ್ಕೋಪು, ಅಂಕಮ್ಮನ ಮುಖದಲ್ಲಿ ಬೆವರಿಗೆ ಇಳಿದ ಹಸಿರು ಬಣ್ಣ. ವಿಜಯಲಕ್ಷ್ಮಿ ಅವ್ವನ ನೀಲಿ ಸೀರೆಯನ್ನು ಮೈತುಂಬ ಸುತ್ತಿಕೊಂಡು, ಸೆರಗು ನೆಲಕ್ಕೆ ತಾಗಿ ಕೊಳೆಯಾಗದ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ದ್ಯಾಮಣ್ಣ ಕಂಪೌಂಡಿಗೆ ಒರಗಿ ಕಣ್ಣು ಮುಚ್ಚಿದ್ದವನು ಗಡಬಡಿಸಿ ಎದ್ದ. ಗೇಟಿನಿಂದ ಬೇರೆ ಶಾಲೆಗಳ ಮಕ್ಕಳು ಗಲಗಲ ಎನ್ನುತ್ತ ಹೊರಬರುತ್ತಿದ್ದರು.

“ಬಂದ್ರಿ ಟೀಚರ್!” ಎಂದಳು ವಿಜಯಲಕ್ಷ್ಮಿ. ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಕಾತ್ಯಾಯಿನಿ ಅವರನ್ನು ಕರೆದುಕೊಂಡು ಒಳಗೆ ಓಡಿದಳು. ತೀರ್ಪುಗಾರರು ಆಗಲೇ ಕಾರಿನ ಹತ್ತಿರ ಹೋಗಿದ್ದರು. ವಿಭಾ ಅವರ ಹಿಂದೆ ಓಡಿ ಏನೋ ಬೇಡಿಕೊಂಡಳು. ಅವರಲ್ಲೊಬ್ಬರು ಗಡಿಯಾರ ತೋರಿಸಿದರು. ಇನ್ನೊಬ್ಬರು ಕಾತ್ಯಾಯಿನಿಯ ಕಡೆ ತಿರುಗಿ, “ಫಲಿತಾಂಶ ಹೇಳಾಗಿದೆ ಮೇಡಂ. ಈಗ ಒಂದು ಶಾಲೆಗೆ ಮತ್ತೆ ಅವಕಾಶ ಕೊಟ್ರೆ ಉಳಿದವರು ಸುಮ್ನಿರ್ತಾರಾ?” ಎಂದು ಮೆಲ್ಲಗೆ ಕೇಳಿದರು. ಕಾರು ಹೋಯಿತು.

ವಿಭಾ ಕಣ್ಣೊರೆಸಿಕೊಂಡು ವಾಪಸ್ ಬಂದಳು. “ಮಕ್ಕಳು ಸ್ಟೇಜ್ ಮೇಲೆ ಒಂದ್ಸಲ ಮಾಡ್ಲಿ ಮೇಡಂ. ನಾವು ನೋಡ್ತೀವಿ.”

ಮೂವರೂ ವೇದಿಕೆ ಹತ್ತಿದರು. ಮೈಕು ಬಿಚ್ಚಿಯಾಗಿತ್ತು. ಕೆಳಗೆ ಕೆಲಸದವರು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಎಳೆದು ಒಯ್ಯುತ್ತಿದ್ದರು. ಮೊದಲ ಸಾಲಿನಲ್ಲಿ ಉಳಿದ ಕುರ್ಚಿಗಳಲ್ಲಿ ಕಾತ್ಯಾಯಿನಿ, ವಿಭಾ, ದ್ಯಾಮಣ್ಣ ಕೂತರು. ಮೌನೇಶ ಗಂಟಲು ಸರಿಮಾಡಿಕೊಂಡು, “ಮುಂದಿನ ಪೇಷಂಟ್ ಒಳಗೆ ಬನ್ನಿ!” ಎಂದ. ಅಂಕಮ್ಮ ಎರಡು ಸಲ ವಟಗುಟ್ಟಿ ಕುಪ್ಪಳಿಸಿದಳು.

ವಿಜಯಲಕ್ಷ್ಮಿ ನಡುವೆ ಬಂದು ನಿಂತಳು. ಬಾಯಿ ತೆರೆದಳು. ಕುರ್ಚಿಗಳು ಕರಕರ ಎನ್ನುತ್ತಿದ್ದವು. ಅವಳು ಆ ಕುರ್ಚಿಗಳನ್ನು ನೋಡಿದಳು, ಬರಿದಾದ ಸಭಾಂಗಣವನ್ನು ನೋಡಿದಳು, ಆಮೇಲೆ ಅಪ್ಪನನ್ನು ನೋಡಿದಳು. ದ್ಯಾಮಣ್ಣ ನಗುತ್ತ ತಲೆಯಾಡಿಸಿ, “ಹೇಳವ್ವಾ, ಹೇಳು,” ಎಂದ. ಅಂಕಮ್ಮ ಪಕ್ಕದಿಂದ ಪಿಸುಗುಟ್ಟಿದಳು, “ಡಾಕ್ಟರ್ರ, ಉಸುರಾಡಾಕ...”

ಮಾತು ಬರಲಿಲ್ಲ. ಹುಡುಗಿ ಸೆರಗನ್ನು ಒಟ್ಟುಮಾಡಿ ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿದು ಬಂದಳು. ಅಳಲಿಲ್ಲ. ಕಾತ್ಯಾಯಿನಿ ಅವಳ ಹೆಗಲ ಮೇಲೆ ಕೈಯಿಟ್ಟಳು.

ವಾಪಸ್ ಬರುವಾಗ ಬಸ್ಸಿನಲ್ಲಿ ದ್ಯಾಮಣ್ಣ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಮೌನೇಶ, ಅಂಕಮ್ಮ ವಿಭಾ ಕೊಟ್ಟ ಬಿಸ್ಕತ್ತು ತಿಂದರು. ವಿಜಯಲಕ್ಷ್ಮಿ ಕೇಳಿದಳು.

“ಮತ್ತ ಯಾವಾಗ ಐತ್ರಿ ಟೀಚರ್?”

“ಮುಂದಿನ ವರ್ಷ ಪುಟ್ಟಿ,” ಎಂದಳು ಕಾತ್ಯಾಯಿನಿ. ಹೇಳಿದ ಮೇಲೆ ನೆನಪಾಯಿತು, ಈ ಸ್ಪರ್ಧೆ ಏಳನೇ ತರಗತಿಯವರೆಗೆ ಮಾತ್ರ. ಶಾಲೆ ಇರುವುದೂ ಏಳರವರೆಗೆ ಮಾತ್ರ. ಹುಡುಗಿಗೂ ಅದು ಗೊತ್ತಿತ್ತು. ಹೊರಗೆ ನೋಡುತ್ತ ಕೂತಳು.

ಮುಂದಿನ ವಾರ ಎರಡು ವಿಷಯ ನಡೆದವು. ತರಬೇತಿಯಿಂದ ಅರ್ಧಕ್ಕೆ ಹೋದದ್ದಕ್ಕೆ ಕಾರಣ ಕೇಳಿ ಕಾತ್ಯಾಯಿನಿಗೆ ನೋಟಿಸ್ ಬಂತು. ಅದೇ ದಿನ ಸಂಸ್ಥೆಯಿಂದ ಮಕ್ಕಳಿಗೆ ಪ್ರಮಾಣಪತ್ರಗಳೂ ಬಂದವು. ‘ಉತ್ಸಾಹದಿಂದ ಭಾಗವಹಿಸಿದ್ದಾರೆ’ ಎಂದು ಬಣ್ಣದ ಅಕ್ಷರದಲ್ಲಿ ಅಚ್ಚಾಗಿತ್ತು. ಹೆಸರು ನೋಂದಾಯಿಸಿದ ಎಲ್ಲರಿಗೂ ಮೊದಲೇ ಮುದ್ರಿಸಿಟ್ಟಿದ್ದರಂತೆ.

ದಾಸಪ್ಪನವರಿಗೆ ಸಂತೋಷವಾಯಿತು. “ನೋಡಿ, ಅಷ್ಟಾದ್ರೂ ಬಂತಲ್ಲ. ನಾಳೆ ಪ್ರಾರ್ಥನೇಲಿ ಕೊಡೋಣ.”

“ಬೇಡ ಸಾರ್,” ಎಂದಳು ಕಾತ್ಯಾಯಿನಿ.

“ಮಕ್ಕಳು ಅಷ್ಟು ದಿನ ಕಷ್ಟಪಟ್ಟಿದ್ದಾರೆ ಮೇಡಂ. ಕಾಗದಾನಾದ್ರೂ ಸಿಗ್ಲಿ ಬಿಡಿ.” ಅವರ ಮಾತಿನಲ್ಲಿ ಕಪಟವಿರಲಿಲ್ಲ.

ಮರುದಿನ ಹೆಸರು ಕೂಗಿದಾಗ ಮೌನೇಶ ಬಂದ, ಅಂಕಮ್ಮ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಜಯಲಕ್ಷ್ಮಿಯ ಹೆಸರು ಕೂಗಿದರು. ಸಾಲಿನಿಂದ ಯಾರೂ ಹೊರಬರಲಿಲ್ಲ. ಮತ್ತೆ ಕೂಗಿದರು. ಅಕ್ಕಪಕ್ಕದ ಹುಡುಗಿಯರು ಅವಳನ್ನು ಮುಂದಕ್ಕೆ ತಳ್ಳಿದರೂ ನಿಂತ ಜಾಗ ಬಿಟ್ಟು ಕದಲಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಕಾತ್ಯಾಯಿನಿ ಪ್ರಮಾಣಪತ್ರ ಹಿಡಿದು ಅವಳ ಹತ್ತಿರ ಹೋದಳು.

“ಯಾಕೆ ಪುಟ್ಟಿ, ತಗೊಳ್ಳಲ್ವಾ? ಅಪ್ಪಂಗೆ ತೋರಿಸ್ಬೋದಿತ್ತು.”

ಹುಡುಗಿ ಆ ಕಾಗದದ ಮೇಲಿನ ತನ್ನ ಹೆಸರನ್ನು ಓದಿದಳು. ಮುಟ್ಟಲಿಲ್ಲ.

“ನಾವು ಆಡೇ ಇಲ್ಲಲ್ರಿ ಟೀಚರ್,” ಎಂದಳು. ಹೇಳಿ ತನ್ನ ತರಗತಿಯ ಸಾಲು ಸೇರಿಕೊಂಡು ಒಳಗೆ ಹೋದಳು.

ಕಾತ್ಯಾಯಿನಿ ಅಂಗಳದಲ್ಲೇ ನಿಂತಿದ್ದಳು. ಒಳಗಿನಿಂದ ದಾಸಪ್ಪನವರು ಕೂಗಿದರು. ಐದನೇ ತರಗತಿಯ ಅಂಕಗಳನ್ನು ಅಂದೇ ಕಂಪ್ಯೂಟರಿಗೆ ಏರಿಸಬೇಕಿತ್ತು.