ಬಾಯಲ್ಲಿ ಹೇಳಿದರೆ ಸಾಕು

ದಸ್ತಗೀರನ ಮಲಗುವ ಕೋಣೆಯ ಟಿ.ವಿ.ಗೆ ಅವನ ತಂಗಿಯ ಮಗ ಇಂಟರ್ನೆಟ್ ವಿಡಿಯೋ ನೋಡಲೆಂದು ಒಂದು ಹಳೆಯ ಕಂಪ್ಯೂಟರ್ ಡಬ್ಬಿ ಜೋಡಿಸಿ ಕೊಟ್ಟಿದ್ದ. ಪುಕ್ಕಟೆ ಬಂದದ್ದಕ್ಕೆ ಬಾಯಿ ದೊಡ್ಡದು; ಒಳಗಿನ ಫ್ಯಾನು ಸದಾ ಗೊರಗೊರ ಅನ್ನುತ್ತಿತ್ತು. ಗೋವಾದ ಮಂಗೋರ್ ಹಿಲ್‌ನ ಆ ಎರಡು ಕೋಣೆಯ ಮನೆಯಲ್ಲಿ ಮುಂದಿನದು ಹೆಂಡತಿ ಅಖ್ತರಬಾನುವಿನ ಹೊಲಿಗೆ ಮಷೀನಿಗೆ ಮೀಸಲು, ಹಾಗಾಗಿ ಟಿ.ವಿ. ಹಾಸಿಗೆಯ ಎದುರಿಗೇ. ಬೆಳಗಿನ ಪಾಳಿಗೆ ಹೋಗುವ ದಸ್ತಗೀರ ಬೇಗ ಮಲಗಬೇಕು, ಆಕೆಗೆ ಕೆಲಸ ಮುಗಿಸಿ ಬ್ಲೌಸಿನ ಹೊಸ ಡಿಸೈನು ನೋಡಬೇಕು. ಕಡೆಗೆ, ಸದ್ದು ಮಾಡದ, ಕೈಗೆಟುಕುವಂಥದ್ದೊಂದು ತರೋಣವೆಂದು ಇಬ್ಬರೂ ವಾಸ್ಕೋ ಪೇಟೆಗೆ ಹೊರಟರು.

ಅಂಗಡಿಯ ಪರ್ವೇಜ ಎರಡು ಡಬ್ಬಿ ಮುಂದಿಟ್ಟ. ಎರಡಕ್ಕೂ ಫ್ಯಾನಿಲ್ಲ, ಟಿ.ವಿ. ಹಿಂದೆ ಸಿಕ್ಕಿಸಿದರೆ ಇದೆಯೋ ಇಲ್ಲವೋ ಗೊತ್ತೇ ಆಗದು ಎಂದ. ಫರಕು ರಿಮೋಟಿನದ್ದು. ಒಂದಕ್ಕೆ ಬರೀ ಗುಂಡಿ. ಬೇಕಾದ್ದನ್ನು ಪರದೆಯ ಮೇಲೆ ಒಂದೊಂದೇ ಅಕ್ಷರ ಒತ್ತಿ ಹುಡುಕಬೇಕು. ಇನ್ನೊಂದು ತುಸು ತುಟ್ಟಿ, ಅದರಲ್ಲಿ ಮೈಕಿದೆ, ಬಾಯಲ್ಲಿ ಹೇಳಿದರೆ ಸಾಕು. ಅಖ್ತರಬಾನುವಿನ ಕೈ ಆಗಲೇ ಎರಡನೆಯದರ ಮೇಲಿತ್ತು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಳತೆ ಬರೆದಿಡಲು ಬಾರದ್ದಕ್ಕೆ ಗಿರಾಕಿಗೊಂದು ಬಣ್ಣದ ದಾರ ಇಟ್ಟು, ಗಂಟು ಹಾಕಿ, ಗೋಡೆಯ ಮೊಳೆಗೆ ನೇತುಹಾಕುತ್ತಿದ್ದಳು. ಇಲ್ಲಿಯವರೆಗೆ ಒಂದು ಬ್ಲೌಸೂ ಕೆಟ್ಟಿಲ್ಲ.

“ಓದಾಕ ಬರಲಾರದವ್ರಿಗೆ ಇದ ಚಲೋರಿ,” ಎಂದ ಪರ್ವೇಜ.

ಪಕ್ಕದಲ್ಲಿ ಮೊಬೈಲಿನ ಕವರು ಆರಿಸುತ್ತಿದ್ದ ಹೆಂಗಸು ತಿರುಗಿ ನಕ್ಕರು. ದಸ್ತಗೀರನ ಸಾಗಣೆ ಕಂಪನಿಯ ಮ್ಯಾನೇಜರರ ಹೆಂಡತಿ ಮೃದುಲಾ. ಡ್ರೈವರನಾಗಿದ್ದ ಅವನು ಈಚೆಗಷ್ಟೇ ಸೂಪರ್‌ವೈಸರ್ ಆಗಿದ್ದ, ಇಸ್ತ್ರಿ ಅಂಗಿಗೆ ಇನ್ನೂ ಮೈ ಒಗ್ಗಿರಲಿಲ್ಲ. ಮಾನ ಹೋದೀತೆಂದು ಜೀವ ಪುಕಪುಕ ಅಂದಿತು. ಆ ಮಾನ ಉಳಿಸಲು ಹೋಗಿ ಈ ಮಹಾಶಯ ಏನಂದ ಕೇಳಿ.

“ನಮ್ಮನ್ಯಾಗ ಓದಾಕ ಬರಲಾರದವ್ರು ಯಾರೂ ಇಲ್ಲ. ಗುಂಡೀದ ಕೊಡ್ರಿ.”

ಅಖ್ತರಬಾನು ಕೈ ಹಿಂದೆಗೆದು ಸೆರಗು ಸರಿಮಾಡಿಕೊಂಡಳು. ಮೃದುಲಾ ಮತ್ತೆ ಕವರುಗಳತ್ತ ಬಾಗಿದರು.

ಹೊಸ ಡಬ್ಬಿ ಪರ್ವೇಜ ಹೇಳಿದಂತೆ ಉಸಿರೆತ್ತಲಿಲ್ಲ. ಪರದೆಯ ಮೇಲೆ ಅಕ್ಷರಗಳ ಸಾಲು ಮೂಡಿತು. ಆಕೆ ರಿಮೋಟು ಹಿಡಿದು ಅವನ್ನು ತುಸು ಹೊತ್ತು ನೋಡಿ, ನೀವೇ ಏನಾದರೂ ಹಚ್ಚಿ ಎಂದು ಅವನ ಕೈಗೆ ಕೊಟ್ಟಳು. ಡಿಸೈನು ಹುಡುಕಿಕೊಡಲೇ ಎಂದರೆ ಇವತ್ತು ಬೇಡ ಅಂದಳು. ಮರುದಿನವೂ ಬೇಡ. ಜಗಳ ತೆಗೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಹಳೆಯ ಫ್ಯಾನಿದ್ದರೆ ಅದನ್ನಾದರೂ ಬೈದು ಮಲಗಬಹುದಿತ್ತು. ಈಗ ಬೈಯಲು ತನ್ನ ಹೊರತು ಯಾರೂ ಉಳಿದಿರಲಿಲ್ಲ.

ಭಾನುವಾರ ಮೃದುಲಾ ಬ್ಲೌಸಿನ ಬಟ್ಟೆ ತಂದರು. ಅವರು ತನ್ನ ಹೆಂಡತಿಯ ಹಳೆಯ ಗಿರಾಕಿ ಎಂಬುದು ದಸ್ತಗೀರನಿಗೆ ಗೊತ್ತಾದದ್ದೇ ಆಗ. ಹೆಂಗಸರ ವ್ಯವಹಾರವೆಂದು ಅವನು ಒಂದು ದಿನವೂ ಕೇಳಿದವನಲ್ಲ. ಅಖ್ತರಬಾನು ಮೊಳೆಯಿಂದ ಹಸಿರು ದಾರ ತೆಗೆಯುತ್ತಿದ್ದಾಗ ಅವನು ಒಳಕೋಣೆಯಲ್ಲಿ ಕೂತಿದ್ದ.

“ಮಾತಾಡೂ ರಿಮೋಟಿಂದು ತಗೋ ಅಂತ ನಿನಗ ಎಷ್ಟ್ ಸಲ ಹೇಳಿದ್ದೆ, ಬಾನು?” ಎಂದು ಮೃದುಲಾ ಮೆಲ್ಲಗೆ ಕೇಳಿದರು.

“ಅವ್ರು ತಗೋ ಅಂದಿದ್ರು, ಅಕ್ಕಾರ. ನಾನ ಒಲ್ಲೆ ಅಂದೆ.”

ಅಂಗಡಿಯಲ್ಲಿ ನಿಂತು ಎಲ್ಲವನ್ನೂ ಕಿವಿಯಾರೆ ಕೇಳಿದ್ದ ಮೃದುಲಾ ಹೌದೇ ಎಂದಷ್ಟೇ ಅಂದು ತೋಳಿನ ಉದ್ದದ ಮಾತಿಗೆ ಹೊರಳಿದರು. ಯಾರ ಮುಂದೆ ಮುಚ್ಚಿಡಲು ಅವನು ಸುಳ್ಳಾಡಿದನೋ ಅವರಿಗೆ ಎಲ್ಲಾ ಮೊದಲೇ ಗೊತ್ತಿತ್ತು. ಈಗ ಇಬ್ಬರೂ ಸೇರಿ ಅವನ ಮಾನ ಕಾಯುತ್ತಿದ್ದರು. ಭೂಮಿ ಬಾಯಿಬಿಟ್ಟು ನುಂಗಿದರೆ ಸಾಕೆನಿಸಿತು ದಸ್ತಗೀರನಿಗೆ. ಇಷ್ಟು ನಾಚಿಕೆ ಅವನು ಜನ್ಮದಲ್ಲಿ ಪಟ್ಟಿರಲಿಲ್ಲ.

ಸಂಜೆ ಡಬ್ಬಿ ಹಿಡಿದು ಪರ್ವೇಜನಲ್ಲಿಗೆ ಹೋದ. ಅಂಗಡಿ ತುಂಬ ಜನ. ಗುಂಡಿ ಬಿಗಿ ಇದೆ ಎನ್ನಲು ನಾಲಿಗೆ ಹೊರಳಿತ್ತು, ತಡೆದ.

“ನನ್ನ ಹೇಣ್ತಿಗೆ ಓದಾಕ ಬರೂದಿಲ್ಲರಿ. ಅವತ್ತ ನಾ ಸುಳ್ಳ ಹೇಳಿದ್ನಿ.”

ಯಾರೂ ತಿರುಗಿ ನೋಡಲಿಲ್ಲ. ಪರ್ವೇಜ ಇನ್ನೊಬ್ಬರಿಗೆ ಚಾರ್ಜರು ತೋರಿಸುತ್ತಲೇ ಮೇಲಿನ ದುಡ್ಡು ತಗೊಂಡು ಡಬ್ಬಿ ಬದಲಿಸಿ ಕೊಟ್ಟ.

ಮನೆಗೆ ಬಂದು ಮೈಕಿನ ಗುಂಡಿ ತೋರಿಸಿ, ಅಂಗಡಿಯಲ್ಲಿ ಏನು ಹೇಳಿದೆನೆಂಬುದನ್ನೂ ತಿಳಿಸಿದ. ಅಖ್ತರಬಾನು ರಿಮೋಟನ್ನು ಬಾಯಿಯ ಹತ್ತಿರ ತಂದಳು, ಇಳಿಸಿದಳು, ಮತ್ತೆ ತಂದಳು.

“ನೀವ್ ಸ್ವಲ್ಪ ಹೊರಗ ಹೋಗ್ರಿ,” ಎಂದಳು. “ನಿಮ್ಮ ಮುಂದ ಮಾತಾಡಾಕ ನಾಚ್ಕಿ ಆಗತೈತಿ.”

ದಸ್ತಗೀರ ಹೊರಗೆ ಬಂದು ದಾರಗಳ ಕೆಳಗೆ ಕೂತ. ಆಕೆ ಬಾಗಿಲು ಮುಂದೆ ಮಾಡಿಕೊಂಡಳು. ಸದ್ದಿಲ್ಲದ ಆ ಕೋಣೆಯೊಳಗಿಂದ, ಹೊಸ ಬ್ಲೌಸು ತೋರಿಸ್ರಿ ಎಂದು ಆಕೆ ಯಂತ್ರವನ್ನು ಬಹುವಚನದಲ್ಲಿ ಕೇಳುತ್ತಿದ್ದದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಆಕೆ ಅವನನ್ನು ಒಳಗೆ ಕರೆಯಲಿಲ್ಲ.