ನಾಲ್ಕನೇ ಗಾಡಿಯ ಆಯಿಲ್

ನಾನು ಕೂತಲ್ಲಿ ಕೂರುವವಳಲ್ಲ. ಇವಳ ಕಾಲಿಗೆ ಚಕ್ರ ಕಟ್ಟಿದೆ ಎಂದು ಅಮ್ಮ ಬದುಕಿರುವವರೆಗೂ ಬೈಯುತ್ತಿದ್ದಳು. ಅಂಥವಳು ಅವತ್ತು ಬೆಳಿಗ್ಗೆ ಲ್ಯಾಬಿನ ರಿಪೋರ್ಟ್ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಲ್ಲಿ ಹತ್ತು ನಿಮಿಷ ಅಲ್ಲಾಡದೆ ನಿಂತಿದ್ದೆ. ರಿಪೋರ್ಟ್ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನಂಬುವುದಕ್ಕೇ ಆಗಲಿಲ್ಲ.

ನಾನು ಕೆಲಸ ಮಾಡುವುದು ಗಾಜಿನ ವ್ಯಾಪಾರದವರ ಹತ್ತಿರ. ಕಿಟಕಿ ಗಾಜನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಊರೂರಿಗೆ ಸಾಗಿಸಲು ಹನ್ನೊಂದು ಡೀಸೆಲ್ ಪಿಕಪ್‌ಗಳಿವೆ. ಅವುಗಳ ಸರ್ವಿಸ್, ರಿಪೇರಿ ಎಲ್ಲ ನನ್ನ ತಲೆಯ ಮೇಲೆ. ಮೊದಲು ಹತ್ತು ಸಾವಿರ ಕಿಲೋಮೀಟರ್ ಆಯಿತೆಂದರೆ ಹಿಂದೆಮುಂದೆ ನೋಡದೆ ಹಳೆ ಆಯಿಲ್ ಇಳಿಸಿ ಹೊಸದು ಹಾಕುತ್ತಿದ್ದೆವು. ಒಂದೂವರೆ ವರ್ಷದ ಹಿಂದೆ ಅದನ್ನು ಹಟ ಹಿಡಿದು ಬದಲಾಯಿಸಿದವಳು ನಾನು. ಡಿಪ್‌ಸ್ಟಿಕ್ ಎಂಬ ಆಯಿಲ್ ಅಳೆಯುವ ಕಡ್ಡಿ ಇಳಿಸುವ ತೂತಿನಿಂದ ಸಣ್ಣ ಪಂಪಿನಲ್ಲಿ ಒಂದಿಷ್ಟು ಆಯಿಲ್ ಎಳೆದು, ಪುಟ್ಟ ಬಾಟ್ಲಿಗೆ ತುಂಬಿ ಲ್ಯಾಬಿಗೆ ಕಳಿಸುವುದು. ಅದರಲ್ಲಿ ಎಂಜಿನ್ ಸವೆದು ಉದುರಿದ ಕಬ್ಬಿಣದ ಪುಡಿ ಎಷ್ಟು, ಮಸಿ ಎಷ್ಟು, ಆಯಿಲ್‌ನಲ್ಲಿ ಇನ್ನೂ ಕಸುವು ಇದೆಯೋ ಇಲ್ಲವೋ ಅವರು ಹೇಳುತ್ತಾರೆ. ಕಸುವು ಇದ್ದರೆ ಚೆಲ್ಲುವುದೇಕೆ, ಓಡಲಿ. ಡ್ರೈವರುಗಳು ಬೆನ್ನ ಹಿಂದೆ ನನ್ನನ್ನು ಬಾಟ್ಲಿ ಅಕ್ಕ ಎಂದರು. ಆಮೇಲೆ ಮುಂದೆಯೇ ಹಾಗೆ ಕರೆಯತೊಡಗಿದರು.

ಎಲ್ಲಕ್ಕಿಂತ ಒಳ್ಳೆಯ ರಿಪೋರ್ಟ್ ನಾಲ್ಕನೇ ಗಾಡಿಯದು. ಹದಿನಾರು ವರ್ಷದಿಂದ ಅದನ್ನು ಓಡಿಸುತ್ತಿರುವವನು ನನ್ನ ಸ್ವಂತ ಅಣ್ಣ. ಆ ರಿಪೋರ್ಟನ್ನು ಯಜಮಾನರ ಮೇಜಿನ ಮೇಲಿಟ್ಟು ನಾನು ಜಂಬ ಕೊಚ್ಚಿಕೊಂಡಿದ್ದು ಸುಳ್ಳಲ್ಲ. ಅದನ್ನು ನೋಡಿಯೇ ಅವರು ಅಷ್ಟೂ ಗಾಡಿಗಳಿಗೆ ಇಪ್ಪತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿದರೆ ಸಾಕೆಂದು ಒಪ್ಪಿದ್ದು.

ಈಗ ಬಂದ ರಿಪೋರ್ಟೂ ನಾಲ್ಕನೇ ಗಾಡಿಯದೇ. ಹದಿನಾಲ್ಕು ಸಾವಿರ ಓಡಿದ ಆಯಿಲ್. ಕಿಲೋಮೀಟರ್ ಏರಿದ ಹಾಗೆ ಕಬ್ಬಿಣವೂ ಏರಬೇಕು. ಇಲ್ಲಿ ಹೋದ ಸಲಕ್ಕಿಂತ ಇಳಿದಿತ್ತು. ಕಸುವಂತೂ ಹೆಚ್ಚುಕಡಿಮೆ ಹೊಸ ಆಯಿಲ್‌ನಷ್ಟೇ ಇತ್ತು. ಬೇರೆಯವರ ಗಾಡಿಯಾಗಿದ್ದರೆ ಲ್ಯಾಬಿನವರ ಮೇಲೆ ಹರಿಹಾಯುತ್ತಿದ್ದೆ. ಅಣ್ಣನ ಗಾಡಿ ಎಂದು ಮನಸ್ಸು ಹಿಂಜರಿಯಿತು.

ಅಣ್ಣನೂ ನಾನೂ ಇರುವುದು ಒಂದೇ ಮನೆಯಲ್ಲಿ. ಹಿತ್ತಲ ಮೆಟ್ಟಿಲ ಮೇಲೆ ಅತ್ತಿಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಮೆಟ್ಟಿಲಿಗೊಂದರಂತೆ ಒಂಬತ್ತು ಕುಂಡಗಳು, ಎಲ್ಲವೂ ಬಾಯಿ ಕತ್ತರಿಸಿದ ಒಂದು ಲೀಟರಿನ ಆಯಿಲ್ ಡಬ್ಬಿಗಳು. ದಿನಕ್ಕೆ ನಾಲ್ಕು ಸಲ ಅವನ್ನು ಎಡವಿ ಬೈದುಕೊಂಡು ಓಡಾಡುವವಳು ನಾನು. ಅವತ್ತು ಮೊದಲ ಸಲ ಅವನ್ನು ಕಣ್ಣಿಟ್ಟು ನೋಡಿದೆ. ನಮ್ಮ ಗ್ಯಾರೇಜಿಗೆ ಆಯಿಲ್ ಬರುವುದು ಪೀಪಾಯಿಯಲ್ಲಿ. ಒಂದು ಲೀಟರಿನ ಡಬ್ಬಿ ನಮ್ಮಲ್ಲಿ ಹುಡುಕಿದರೂ ಸಿಗುವುದಿಲ್ಲ.

"ಈ ಡಬ್ಬಿಗಳು ಎಲ್ಲಿಂದ ಬಂದ್ವು ಅತ್ತಿಗೆ?"

"ನಿಮ್ಮಣ್ಣ ತಂದ್ಕೊಡ್ತಾರೆ. ನಿಮ್ಮ ಗ್ಯಾರೇಜಿಂದೇ ಅಲ್ವಾ?"

ಅಣ್ಣನ ಗಾಡಿ ಆಯಿಲ್ ಕುಡಿಯುತ್ತಿದೆ, ಸವೆದ ಎಂಜಿನ್ ಅದನ್ನು ಸುಟ್ಟು ಖಾಲಿ ಮಾಡುತ್ತಿದೆ. ಅವನು ಯಾರಿಗೂ ಹೇಳದೆ ಹೊರಗಿನಿಂದ ತಂದು ಸುರಿಯುತ್ತಿದ್ದಾನೆ. ಮೇಲಿಂದ ಹೊಸದು ಬೀಳುತ್ತಿದ್ದರೆ ಹಳೆಯದರ ಕಬ್ಬಿಣ ತೆಳುವಾಗದೆ ಇನ್ನೇನಾಗುತ್ತದೆ? ಲ್ಯಾಬಿನವರು ನೋಡಿದ್ದು ಸರಿಯಾಗಿಯೇ ಇತ್ತು. ನಾವು ಕಳಿಸಿದ್ದು ಅರ್ಧ ಸುಳ್ಳು.

ಅಷ್ಟರಲ್ಲಿ ಅತ್ತಿಗೆ ಚಪ್ಪಲಿ ಗೂಡಿನ ಮೇಲಿದ್ದ ಇನ್ನೊಂದು ಡಬ್ಬಿ ತೋರಿಸಿದರು. ಸೀಲ್ ಕೂಡ ಒಡೆದಿರಲಿಲ್ಲ. ಬೆಳಗಿನ ಲೋಡಿಗೆ ತಡವಾಯಿತೆಂದು ನಾನು ಬಾಗಿಲಲ್ಲೇ ನಿಂತು ಅಣ್ಣನನ್ನು ಅವಸರಪಡಿಸಿದೆನಲ್ಲ, ಆ ಗಡಿಬಿಡಿಯಲ್ಲಿ ಅಣ್ಣ ಇದನ್ನು ಮರೆತು ಹೋದ ಎಂದರು.

ಅವತ್ತಿನ ಲೋಡು ಬೆಟ್ಟದಾಚೆಗೆ. ಗಾಜು ತುಂಬಿದ ಗಾಡಿ, ಏರುದಾರಿ, ತಳ ಮುಟ್ಟಿದ ಆಯಿಲ್. ತಿರುವಿನಲ್ಲಿ ಎಂಜಿನ್ನಿನ ಪಂಪು ಆಯಿಲ್ ಬದಲು ಗಾಳಿ ಎಳೆದರೆ ಎಂಜಿನ್ ನಿಂತಲ್ಲೇ ಕಚ್ಚಿಕೊಳ್ಳುತ್ತದೆ. ಎಂಜಿನ್ ನಿಂತರೆ ಬ್ರೇಕಿನಲ್ಲೂ ಬಲ ಇರುವುದಿಲ್ಲ, ಹಿಂದೆ ಕಣಿವೆ. ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಓಡಿಸುವಾಗ ಯಾರೂ ಫೋನ್ ಮುಟ್ಟಬಾರದು ಎಂದು ಬೋರ್ಡ್ ಬರೆಸಿ ನೇತುಹಾಕಿದವಳು ನಾನು.

ಗ್ಯಾರೇಜಿಗೆ ಓಡಿದೆ. ಹನ್ನೊಂದನೇ ಗಾಡಿಯ ಡ್ರೈವರ್ ರಜೆಯಲ್ಲಿದ್ದ. ಅದನ್ನೇ ಹೊರಡಿಸಿದೆ. ಪಕ್ಕದ ಸೀಟಿನಲ್ಲಿ ಆ ಡಬ್ಬಿ, ನನ್ನ ಬಾಟ್ಲಿಗಳ ಚೀಲ. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗ್ ಮೇಲೆ ತಾಳ ಹಾಕಿದೆ, ಮುಂದಿನ ಬಸ್ಸಿನವನಿಗೆ ಬೈದೆ, ನನಗೇ ಬೈದುಕೊಂಡೆ. ಏರುದಾರಿಯಲ್ಲಿ ಪ್ರತಿ ತಿರುವಿಗೂ ರಸ್ತೆಯ ಮೇಲೆ ಗಾಜಿನ ಚೂರು ಬಿದ್ದಿದೆಯೇನೋ ಎಂದು ಕಣ್ಣು ಹುಡುಕುತ್ತಿತ್ತು.

ಐದನೇ ತಿರುವಿನಲ್ಲಿ ನಾಲ್ಕನೇ ಗಾಡಿ ಬದಿಗೆ ನಿಂತಿತ್ತು. ಚಕ್ರಕ್ಕೆ ಕಲ್ಲು ಕೊಟ್ಟಿತ್ತು, ಬಾನೆಟ್ ಎತ್ತಿತ್ತು. ಅಣ್ಣ ತಡೆಗೋಡೆಯ ಮೇಲೆ ಕೂತು ನೀರು ಕುಡಿಯುತ್ತಿದ್ದ. ಆಯಿಲ್ ದೀಪ ಒಂದು ಸಲ ಮಿಣುಕಿದ್ದೇ ತಡ ಎಂಜಿನ್ ಆರಿಸಿದೆ ಎಂದ. ಅವನನ್ನು ಇಡಿಯಾಗಿ ನೋಡಿ ಜೀವ ಬಂದಂತಾಯಿತು. ಜೀವ ಬಂದ ಮೇಲೆ ಸಿಟ್ಟೂ ಬಂತು. ಬಾಯಿಗೆ ಬಂದಂತೆ ಬೈದೆ. ಹೆಂಡತಿಗೆ ಡಬ್ಬಿ, ಯಜಮಾನರಿಗೆ ಸುಳ್ಳು, ತಂಗಿಯ ಕಣ್ಣಿಗೆ ಮಣ್ಣು ಎಂದೆಲ್ಲ ಅಂದೆ. ಅವನು ಮುಗಿಯಲಿ ಎಂದು ಕಾದ.

"ನೀನು ಬಾಟ್ಲೀನ ಕೇಳ್ದೆ. ನನ್ನ ಒಂದಿನಾನೂ ಕೇಳ್ಲಿಲ್ಲ," ಎಂದ. "ಕೇಳಿದ್ರೆ ಹೇಳ್ತಿದ್ನೋ ಇಲ್ವೋ, ಅದು ಬೇರೆ ಮಾತು."

ಪ್ರತಿ ಬಾಟ್ಲಿಗೂ ಒಂದು ಚೀಟಿ ಅಂಟಿಸಬೇಕು. ಅದರಲ್ಲಿ, ನಡುವೆ ಸೇರಿಸಿದ ಆಯಿಲ್ ಎಷ್ಟು ಎಂಬ ಸಾಲಿದೆ. ಕೆಳಗೆ ಡ್ರೈವರ್ ಸಹಿ ಮಾಡಬೇಕು. ಪೀಪಾಯಿಯ ಬೀಗದ ಕೈ ನನ್ನ ಹತ್ತಿರವೇ ಇರುವಾಗ ನನಗೆ ತಿಳಿಯದೆ ಯಾರು ಸೇರಿಸುತ್ತಾರೆ ಎಂಬ ಧೈರ್ಯದಲ್ಲಿ, ನಾನು ಮೇಜಿನ ಮುಂದೆ ಕೂತು ಹನ್ನೊಂದಕ್ಕೂ ಇಲ್ಲ, ಇಲ್ಲ ಎಂದು ಬರೆದು ಸಹಿಯ ಜಾಗದಲ್ಲಿ ಗೆರೆ ಎಳೆಯುತ್ತಿದ್ದೆ. ಆಯಿಲ್ ಕುಡಿಯುವ ಗಾಡಿಯನ್ನು ಮಾರಿಬಿಡುವುದು, ಅದರ ಡ್ರೈವರನ್ನು ಗಾಜು ಕೊಯ್ಯುವ ಕೋಣೆಗೆ ಹಾಕುವುದು ಎಂಬ ನಿಯಮವನ್ನು ಯಜಮಾನರಿಗೆ ಬರೆದುಕೊಟ್ಟವಳೂ ನಾನೇ. ನಾಚಿಕೆಯಿಂದ ಅಣ್ಣನ ಮುಖ ನೋಡಲಾಗಲಿಲ್ಲ.

"ನಾಲ್ಕು ಗೋಡೆ ಮಧ್ಯೆ ದಿನಾ ನಿಂತ್ಕೊಳೋಕೆ ನನ್ನ ಕೈಲಾಗಲ್ಲ ಕಣೇ," ಎಂದ ಅಣ್ಣ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಡಬ್ಬಿ ಸುರಿದು, ಇದೊಂದು ಸಲ ನೋಡಿಯೂ ನೋಡದಂತೆ ಇದ್ದುಬಿಡಲೇ ಎಂದು ಮನಸ್ಸು ಎಳೆಯಿತು. ರಸ್ತೆಯ ಆ ಬದಿಗೆ ಹೋಗಿ ಬಂದೆ, ಮತ್ತೆ ಹೋದೆ. ತಡೆಗೋಡೆಯಿಂದ ಬಗ್ಗಿದರೆ ಕಣಿವೆಯ ತಳ ಕಾಣುತ್ತಿರಲಿಲ್ಲ. ವಾಪಸು ಬಂದು ಚೀಲ ಬಿಚ್ಚಿದೆ. ಡಬ್ಬಿ ಸುರಿಯುವ ಮೊದಲು ಪಂಪು ಇಳಿಸಿ ಒಂದು ಬಾಟ್ಲಿ ತುಂಬಿದೆ. ಚೀಟಿ ಹಿಡಿದು ಅವನನ್ನು ಕೇಳಿದೆ.

"ನಡುವೆ ಎಷ್ಟು ಲೀಟರ್ ಹಾಕಿದ್ದೀಯಾ ಅಣ್ಣ?"

ಮೆಟ್ಟಿಲ ಮೇಲೆ ಒಂಬತ್ತು, ಬೆಕ್ಕು ಉರುಳಿಸಿ ಒಡೆದದ್ದು ಎರಡು ಎಂದು ಅವನು ಬೆರಳು ಮಡಚಿದ. ಹನ್ನೊಂದು ಎಂದು ಬರೆದೆ. ಅವನು ಪೆನ್ನು ತೆಗೆದುಕೊಂಡು, ಬಾನೆಟ್ಟಿನ ಅಂಚಿಗೆ ಚೀಟಿ ಒತ್ತಿ ಹಿಡಿದು, ನಿಧಾನವಾಗಿ ಪೂರ್ತಿ ಹೆಸರು ಬರೆದು ಸಹಿ ಮಾಡಿದ. ಹದಿನಾರು ವರ್ಷದ ಗಾಡಿಯನ್ನು ಅವನು ತನ್ನ ಕೈಯಾರೆ ಬಿಟ್ಟುಕೊಟ್ಟದ್ದು ಹಾಗೆ.

ಒಂದು ಡಬ್ಬಿ ಆಯಿಲ್ ನಂಬಿ ಆ ಎಂಜಿನ್ನನ್ನು ಬೆಟ್ಟ ಹತ್ತಿಸುವಂತಿರಲಿಲ್ಲ. ಆರು ಪೆಟ್ಟಿಗೆ ಗಾಜನ್ನು ಇಬ್ಬರೂ ಸೇರಿ ಹನ್ನೊಂದನೇ ಗಾಡಿಗೆ ದಾಟಿಸಿದೆವು. ಅವನು ಸೀಟು ಹಿಂದೆ ಸರಿಸಿ, ಕನ್ನಡಿ ತಿರುಗಿಸಿ, ಮತ್ತೆ ಸೀಟು ಮುಂದೆ ಸರಿಸಿ ಹೊರಟ. ಎಳೆದೊಯ್ಯುವ ಗಾಡಿ ಬರುವವರೆಗೆ ನಾನು ನಾಲ್ಕನೆಯದರ ಪಕ್ಕ ಕಾಯಬೇಕಿತ್ತು.

ಕೂರಲಾಗಲಿಲ್ಲ. ಅಣ್ಣನೊಬ್ಬನೇ ಹೀಗೆ ಮಾಡಿದ್ದರೆ ಸರಿ, ಉಳಿದವರೂ ಮಾಡಿದ್ದರೆ ನನ್ನ ಅಷ್ಟೂ ರಿಪೋರ್ಟು ಸುಳ್ಳು. ಒಬ್ಬೊಬ್ಬ ಡ್ರೈವರಿಗೂ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ, ಎಲ್ಲರೂ ನನ್ನ ಬೋರ್ಡಿನ ಮಾತು ಕೇಳುವವರೇ. ಅರ್ಧ ಗಂಟೆಯ ನಂತರ ಏಳನೇ ಗಾಡಿಯವನು ವಾಪಸು ಫೋನ್ ಮಾಡಿದ. ಬೈಯುವುದಿಲ್ಲ ಎಂದು ಮೊದಲೇ ಹೇಳಿ, ನಡುವೆ ಯಾವತ್ತಾದರೂ ಹೊರಗಿನ ಆಯಿಲ್ ಹಾಕಿದ್ದುಂಟಾ ಎಂದು ಕೇಳಿದೆ.

"ಯಾಕಕ್ಕಾ," ಎಂದ ಅವನು, "ಯಾರು ಹೇಳಿದ್ರು?"

ಬರೆದುಕೊಳ್ಳಲು ಪೆನ್ನು ಹುಡುಕಿದೆ. ಅದು ಅಣ್ಣನ ಜೇಬಿನಲ್ಲೇ ಹೋಗಿತ್ತು.